ಸಂಕ್ರಾಂತಿಯೊಳಗೆ ಒಂದು ಸೇರು ಬಟಾಣಿ

೧೯೪೩, ಅಕ್ಟೋಬರ್ ೩೧, ಭಾನುವಾರ. ಹಲಸೂರು

ಮುಂದೆ ಯಾರಾದರೂ ತಕರಾರು ತೆಗೆದರೆ ಕೈಯಲ್ಲೊಂದು ದಾಖಲೆ ಇರಲಿ ಎಂದು ಇವತ್ತಿನಿಂದ ದಿನಚರಿ ಬರೆಯುತ್ತಿದ್ದೇನೆ. ಒಂಬತ್ತು ವರ್ಷದಿಂದ ದಂಡಿನ ಗುಡಾರಗಳ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೇನೆ. ಬರೆದಿಡದೆ ಹೋದ ಒಂದು ಗೂಟ ಕೂಡ ಕೊನೆಗೆ ಯಾರ ತಲೆಗೆ ಬರುತ್ತದೆಂದು ನನಗೆ ಗೊತ್ತು.

ನಡೆದದ್ದು ಇಷ್ಟು. ನೆನ್ನೆ ಬಲಿಪಾಡ್ಯಮಿ, ಬಾಣಸವಾಡಿಯ ಮಾವನ ಮನೆಯಲ್ಲಿ ಹಬ್ಬದ ಊಟ. ಮಾವ ಚಿನ್ನಪ್ಪನವರು ತರಕಾರಿ ಬೆಳೆಯುವವರು. ತಮ್ಮ ಬಟಾಣಿ ದೊರೆಗಳ ಬಂಗಲೆಗೆ ಹೋಗುತ್ತದೆಂಬ ಮಾತು ಅವರಿಗೆ ಒಬ್ಬಟ್ಟಿನ ಜೊತೆಗೂ ಬೇಕು. ಬಟಾಣಿಗೆ ಮಣ್ಣು ಹೀಗಿರಬೇಕು, ನೀರು ಹಾಗಿರಬೇಕು, ಬಳ್ಳಿಗೆ ಆಸರೆ ಕೊಡುವುದು ಎಲ್ಲರಿಗೂ ಬರುವ ಕೆಲಸವಲ್ಲ ಎಂಬುದನ್ನೆಲ್ಲ ಮೂರನೇ ಒಬ್ಬಟ್ಟಿನವರೆಗೆ ಕೇಳಿದೆ. ನಾಲ್ಕನೆಯದಕ್ಕೆ ತಡೆಯಲಾಗಲಿಲ್ಲ.

"ಇದೇನ್ ಮಹಾ ವಿದ್ಯೆ ಮಾವ? ನಮ್ಮ ಹಿತ್ತಲಲ್ಲಿ ನಾನೂ ಬೆಳೀತೀನಿ. ಸಂಕ್ರಾಂತಿ ಒಳಗೆ ಒಂದು ಸೇರು ಕಾಳು ಬಿಡಿಸಿ ತಂದು ನಿಮ್ಮ ಮುಂದೆ ಇಡ್ತೀನಿ. ಅಲ್ಲೀವರ್ಗೂ ಈ ಹೊಸ್ತಿಲು ತುಳಿಯಲ್ಲ," ಎಂದೆ.

ಪಂಕ್ತಿಯವರೆಲ್ಲ ನಕ್ಕರು. ಅದು ಹೋಗಲಿ, ಬಡಿಸುತ್ತಿದ್ದ ಮನೆಯವಳೂ ನಕ್ಕಳು. "ನಾನು ಎಂಟು ದಿನ ಊರಲ್ಲಿಲ್ದೆ ಇದ್ದಾಗ ತುಳಸಿ ಗಿಡಾನೇ ಒಣಗಿಸಿದ್ರಿ," ಎಂದಳು. ಎಲ್ಲರ ಮುಂದೆ!

"ಹಾಗಾದ್ರೆ ನೀನೂ ಇಲ್ಲೇ ಇರು. ಸೇರು ತುಂಬಿದ ಮೇಲೆ ಬಂದ್ರೆ ಸಾಕು," ಎಂದೆ.

"ಇರ್ತೀನಿ ಬಿಡಿ. ನೀವಾಗಿ ಬಂದು ಕರೆಯೋವರ್ಗೂ ಬರಲ್ಲ," ಎಂದಳು.

ನಾನು ಹೊಸ್ತಿಲು ತುಳಿಯುವ ಹಾಗಿಲ್ಲ, ನಾನು ಹೋಗಿ ಕರೆಯದೆ ಅವಳು ಬರುವ ಹಾಗಿಲ್ಲ. ಕೆರೆ ಏರಿಯ ಹತ್ತಿರ ಬಂದ ಮೇಲೆ ಇದು ನನಗೆ ಹೊಳೆಯಿತು. ಆದರೆ ಆಡಿದ ಮಾತು ಆಡಿಯಾಯಿತು. ನಾನೇನೂ ತಪ್ಪು ಮಾಡಿಲ್ಲ.

ನವೆಂಬರ್ ೨, ಮಂಗಳವಾರ

ಕೆಲಸ ಶುರು. ಹೆಚ್ಚು ಆಹಾರ ಬೆಳೆಯಿರೆಂದು ಸರ್ಕಾರ ಹಂಚಿದ ಇಂಗ್ಲಿಷ್ ಕರಪತ್ರವೊಂದು ಕಚೇರಿಯಲ್ಲಿ ಸಿಕ್ಕಿತು. ನಾಲ್ಕೇ ಪುಟ. ಮಾವನವರು ನಲವತ್ತು ವರ್ಷದಿಂದ ಹೇಳುತ್ತಿರುವುದು ನಾಲ್ಕು ಪುಟದಲ್ಲಿ ಮುಗಿದಿದೆ.

ಹಿತ್ತಲನ್ನು ಅಳೆದು ದಾರ ಕಟ್ಟಿ ಅಗೆದೆ. ಪಕ್ಕದ ಮನೆಯ ದರ್ಜಿ ಅಹ್ಮದ್ ಪಾಷಾ ಗೋಡೆಯ ಮೇಲಿಂದ ನೋಡುತ್ತಿದ್ದ. ಸಿಪಾಯಿಗಳ ಖಾಕಿ ಷರಟು ಹೊಲಿದು ಹೊಲಿದು ಅವನಿಗೆ ಸದಾ ಕತ್ತು ನೋವು. ಗೋಡೆಗೆ ಗಲ್ಲ ಊರಿ ನಿಂತರೆ ನೋವು ಇಳಿಯುತ್ತದಂತೆ.

"ಕ್ಯಾ ಮೂರ್ತಿ ಸಾಬ್, ಬಾವಿ ತೋಡ್ತಿದ್ದೀರಾ?" ಎಂದ.

ದಾರ ಇನ್ನಷ್ಟು ಬಿಗಿದು ಅಗೆದೆ.

ಬಿತ್ತುವ ಮುಂಚೆ ಬೀಜ ನೆನೆಸಬೇಕೆಂದು ಕರಪತ್ರದಲ್ಲಿದೆ. ಯಾವ ನೀರು ಎಂದು ಬರೆದಿಲ್ಲ, ಅದು ಬರೆದವನ ಅಜಾಗರೂಕತೆ. ವಾಂತಿಭೇದಿ ಹರಡಿದ ಮೇಲೆ ನಮ್ಮ ಕಚೇರಿಯ ಸುತ್ತೋಲೆ ಸ್ಪಷ್ಟವಾಗಿದೆ, ಯಾವ ಕೆಲಸಕ್ಕೇ ಆಗಲಿ ಕುದಿಸಿದ ನೀರೇ ಆಗಬೇಕು. ರಸೆಲ್ ಮಾರುಕಟ್ಟೆಯಿಂದ ತಂದ ಒಣ ಬಟಾಣಿಯ ಮೇಲೆ ನೆನ್ನೆ ರಾತ್ರಿ ಮರಳುವ ನೀರು ಸುರಿದು ಮುಚ್ಚಿಟ್ಟಿದ್ದೆ. ಬೆಳಿಗ್ಗೆ ದಪ್ಪಗೆ ಉಬ್ಬಿದ್ದವು. ಸಾಲಾಗಿ ಬಿತ್ತಿದೆ.

ನವೆಂಬರ್ ೬, ಶನಿವಾರ

ಏನೂ ಮೊಳೆತಿಲ್ಲ. ಅನ್ನ ಸೀದಿತು.

ನವೆಂಬರ್ ೧೦, ಬುಧವಾರ

ಅವಮಾನ.

ಬಾಣಸವಾಡಿ ಕಡೆಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ದಿನಾ ಬೆಳಿಗ್ಗೆ ಸೊಪ್ಪು ಮಾರಲು ಬರುವ ಚಿಕ್ಕಮುನಿಯಮ್ಮ ಕರೆಯದೆಯೇ ಹಿತ್ತಲಿಗೆ ಬಂದಳು. ಬೆರಳಿನಿಂದ ಮಣ್ಣು ಕೆದಕಿ ಒಂದು ಕಾಳು ತೆಗೆದಳು. ಹಿಸುಕಿದಳು. ಮೂಸಿದಳು.

"ಏನ್ ಸ್ವಾಮಿ, ಬೇಯ್ಸಿ ಬಿತ್ತಿದ್ದೀರಾ?"

ನಾನು ಸುತ್ತೋಲೆಯ ವಿಷಯ ವಿವರಿಸಿದೆ.

"ಒಂದಿಷ್ಟು ಉಪ್ಪು, ಕಾಯಿತುರಿ ಹಾಕಿದ್ರೆ ಗುಗ್ಗರಿ ಆಗೋದು," ಎಂದು ಹೇಳಿ ನೆಲದ ಮೇಲೆ ಕೂತು ನಕ್ಕಳು. ಗೋಡೆಯ ಆಚೆಯಿಂದಲೂ ನಗು ಕೇಳಿಸಿತು. ಪಾಷಾನ ಹೊಲಿಗೆಯ ಮಿಷನ್ ನಿಂತು ಹೋಗಿತ್ತು.

ಬಾಣಸವಾಡಿಯವಳಲ್ಲವೆ, ಮಾವನ ಮನೆಯವರ ಪರಿಚಯವುಂಟೋ ಎಂದು ಕೇಳಿದೆ. "ಯಾವ ಚಿನ್ನಪ್ಪ? ನಂಗೊತ್ತಿಲ್ಲ ಸ್ವಾಮಿ," ಎಂದಳು. ಸದ್ಯ. ಈ ವಿಷಯ ಅಲ್ಲಿಗೆ ತಲುಪಿದ್ದರೆ ಊರಿಗೆ ಊರೇ ನಗುತ್ತಿತ್ತು.

ನವೆಂಬರ್ ೧೧, ಗುರುವಾರ

ಚಿಕ್ಕಮುನಿಯಮ್ಮ ಒಂದು ಸಣ್ಣ ಗಂಟು ತಂದುಕೊಟ್ಟಳು. ಒಳಗೆ ಎರಡು ಹಿಡಿ ಬಟಾಣಿ ಬೀಜ.

"ಬೇಗ ಬರೋ ತಳಿ ಸ್ವಾಮಿ, ಅರವತ್ತು ದಿನಕ್ಕೆ ಕಾಯಿ ಕೈಗೆ. ತಣ್ಣೀರಲ್ಲಿ ನೆನೆಸ್ಬೇಕಂತೆ. ಬಾವಿ ನೀರು, ಕುದಿಸ್ದೆ ಇರೋದು ಅಂತ ಎರಡು ಸಲ ಹೇಳು ಅಂದ್ರು."

"ಯಾರಂದ್ರು?"

"ಯಾರೋ ಅಂದ್ರು."

ಬೀಜ ಕಟ್ಟಿದ ಬಟ್ಟೆ ನೀಲಿ ಸೀರೆಯದೊಂದು ಚೂರು, ಅಂಗೈಯಗಲ, ಅಂಚಿನಲ್ಲಿ ಹಳದಿ ಗೆರೆ. ಈ ಬಣ್ಣ ಎಲ್ಲೋ ನೋಡಿದ ನೆನಪು. ಅಂಗಡಿಗಳಲ್ಲಿ ಇಂಥವು ಬೇಕಾದಷ್ಟು ಇರುತ್ತವೆ. ಬಿಸಾಡಲು ಮನಸ್ಸು ಬರದೆ ಈ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದೇನೆ.

ನವೆಂಬರ್ ೧೯, ಶುಕ್ರವಾರ

ಮೊಳೆತಿವೆ! ಅರವತ್ತೊಂದು! ಮುಖ ತೊಳೆಯುವ ಮುಂಚೆಯೇ ಎರಡು ಸಲ ಎಣಿಸಿದೆ. ಮನೆಯೊಳಕ್ಕೆ ಓಡಿ "ಏನೇ, ಬಾ ಇಲ್ಲಿ" ಎಂದು ಕೂಗಿಯೂ ಬಿಟ್ಟೆ. ಅಭ್ಯಾಸಬಲ. ಪಾಷಾ ಗೋಡೆಯ ಮೇಲೆ ತಲೆ ಇಟ್ಟು "ಬಂದೆ ಸಾಬ್" ಎಂದ. ಅವನಿಗೇ ತೋರಿಸಿದೆ.

ನವೆಂಬರ್ ೨೧, ಭಾನುವಾರ

ಗುಬ್ಬಿಗಳು. ಈಗ ಐವತ್ತೆರಡು. ಪಾಷಾ ಖಾಕಿ ಬಟ್ಟೆಯ ಚಿಂದಿಗಳನ್ನು ಹಗ್ಗಕ್ಕೆ ಕಟ್ಟಿ ತೂಗುಬಿಟ್ಟ. ಸರ್ಕಾರಿ ಬಟ್ಟೆ ಕಂಡು ಗುಬ್ಬಿಗಳು ಹತ್ತಿರ ಬರುತ್ತಿಲ್ಲ. ಪಾಷಾ ಒಳ್ಳೆಯ ಮನುಷ್ಯ. ಆರು ವರ್ಷ ಪಕ್ಕದಲ್ಲಿದ್ದರೂ ಇವನಿಗೆ ಕತ್ತು ನೋವೆಂಬುದು ನನಗೆ ಈ ತಿಂಗಳು ತಿಳಿಯಿತು.

ನವೆಂಬರ್ ೨೮, ಭಾನುವಾರ

ಆಸರೆ ಕೊಡುವ ದಿನ. ಮಾವನವರು ಯಾವುದನ್ನು ಮಹಾ ಎಂದರೋ ಅದು.

ಗುಡಾರ ಎತ್ತುವ ವಿಧಾನದ ಬಗ್ಗೆ ನಾನು ಬರೆದಿರುವಷ್ಟು ಕಾಗದ ಈ ದಂಡಿನಲ್ಲಿ ಇನ್ನಾರೂ ಬರೆದಿಲ್ಲ. ನಿಜ ಹೇಳಬೇಕೆಂದರೆ ಕೈಯಾರೆ ಒಂದು ಗುಡಾರವನ್ನೂ ಎತ್ತಿಲ್ಲ, ಆದರೆ ಕ್ರಮ ಬಾಯಿಪಾಠ. ಹಲಸೂರು ಪೇಟೆಯಿಂದ ಮುಂಗೈ ದಪ್ಪದ ಬೊಂಬುಗಳನ್ನು ತಂದು ತೂಕದ ಗುಂಡು ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿದೆ. ನಾಲ್ಕು ಕಡೆ ಗೂಟ ಹೊಡೆದೆ, ಹಗ್ಗ ಬಿಗಿದೆ. ಗಾಳಿಯಿರಲಿ, ಆನೆ ಬಂದು ಮೈ ಉಜ್ಜಿದರೂ ಅಲ್ಲಾಡುವುದಿಲ್ಲ.

ಪಾಷಾ ಬಹಳ ಹೊತ್ತು ನೋಡಿದ. "ಏನ್ ಸಾಬ್, ಇಲ್ಲಿಗೆ ಪಲ್ಟನ್ ಬರ್ತೈತಾ?"

ಗಿಡಗಳು ಗೇಣುದ್ದ ಇವೆ.

ಡಿಸೆಂಬರ್ ೩, ಶುಕ್ರವಾರ

ಗಿಡಗಳು ನನ್ನ ಕಂಬಗಳ ಕಡೆ ತಿರುಗಿಯೂ ನೋಡುತ್ತಿಲ್ಲ. ಬುಡದಲ್ಲೇ ಮಲಗಿವೆ. ಒಂದರ ಕುತ್ತಿಗೆಯನ್ನು ಇನ್ನೊಂದು ಹಿಡಿದುಕೊಂಡು ಗುಂಪಾಗಿ ಮಣ್ಣಿಗೆ ಬಿದ್ದಿವೆ. ಎತ್ತಿ ಕಂಬಕ್ಕೆ ಒರಗಿಸಿದರೆ ಕೈ ಬಿಟ್ಟ ಕೂಡಲೆ ಜಾರುತ್ತವೆ.

ಚಿಕ್ಕಮುನಿಯಮ್ಮ ಬುಟ್ಟಿಯ ಮೇಲೆ ಒಂದು ಹೊರೆ ಒಣ ತೊಗರಿ ಕಡ್ಡಿ ಹೊತ್ತು ತಂದಳು. ಕವಲು ಕವಲಾದ ಸಣ್ಣ ಪುಳ್ಳೆಗಳು. "ಇದನ್ನ ಚುಚ್ಚಬೇಕಂತೆ ಸ್ವಾಮಿ, ಬೊಂಬು ಬ್ಯಾಡವಂತೆ," ಎಂದಳು.

ನನಗೆ ರೇಗಿತು. ಒಲೆಗೂ ಆಗದ ಪುಳ್ಳೆ! "ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಮನೆಯವಳಿಲ್ಲದೆ ಹಾಯಾಗಿದ್ದೀನಿ. ಅಡುಗೆ ಅವಳದಕ್ಕಿಂತ ಚೆನ್ನಾಗಾಗ್ತಿದೆ. ಇನ್ನೂ ಒಂದು ವರ್ಷ ಬೇಕಾದ್ರೂ ಹೀಗೇ ಇರ್ತೀನಿ," ಎಂದೆ.

ಅವಳು ಹೊರೆಯನ್ನು ಧೊಪ್ಪನೆ ಕೆಳಗೆ ಹಾಕಿ ಏನೂ ಮಾರದೆ ಹೊರಟು ಹೋದಳು. ಅಡುಗೆಯ ಮಾತಿಗೆ ಇವಳಿಗೇಕೆ ಸಿಟ್ಟು? ವಿಚಿತ್ರ ಹೆಂಗಸು.

ಡಿಸೆಂಬರ್ ೬, ಸೋಮವಾರ

ಚಿಕ್ಕಮುನಿಯಮ್ಮ ಮೂರು ದಿನದಿಂದ ನಮ್ಮ ಬೀದಿಗೆ ಬಂದಿಲ್ಲ. ಬೀದಿಯವರೆಲ್ಲ ಸೊಪ್ಪಿಲ್ಲದೆ ನನ್ನ ಮುಖ ನೋಡುತ್ತಿದ್ದಾರೆ.

ಬೆಳಿಗ್ಗೆ ಯಾರೂ ಕಾಣದಿರುವಾಗ ಒಂದು ತೊಗರಿ ಕಡ್ಡಿಯನ್ನು ಪರೀಕ್ಷೆಗೆಂದು ಚುಚ್ಚಿದೆ. ಸಂಜೆ ಕಚೇರಿಯಿಂದ ಬಂದು ನೋಡಿದರೆ ಬಳ್ಳಿಯ ತುದಿಯ ಎಳೆ ಕುಡಿ, ಕೂದಲಿನಷ್ಟು ಸಣ್ಣದು, ಆ ಪುಳ್ಳೆಗೆ ಎರಡು ಸುತ್ತು ಸುತ್ತಿಕೊಂಡಿದೆ. ಕಂಬಕ್ಕೆ ಕುಡಿ ಸುತ್ತಿಸಿ ನೋಡಿದೆ. ಅದರ ಅಷ್ಟು ದಪ್ಪವನ್ನು ಬಳಸುವುದು ಆ ಕುಡಿಯ ಕೈಲಾಗದು. ತಪ್ಪು ಬಟಾಣಿಯದಲ್ಲ.

ಬೊಂಬುಗಳನ್ನೆಲ್ಲ ಕಿತ್ತೆ. ಕೀಳುವಾಗ ಹನ್ನೊಂದು ಗಿಡ ಹೋದವು. ಉಳಿದ ನಲವತ್ತೊಂದಕ್ಕೂ ಕಡ್ಡಿ ಕೊಟ್ಟೆ. ಬಿದ್ದಿದ್ದವನ್ನು ಪಾಷಾನ ಖಾಕಿ ದಾರದಲ್ಲಿ ಸಡಿಲವಾಗಿ ಕಟ್ಟಿದೆ. ಕೂತು ಮಾಡುವ ಕೆಲಸ, ಸೊಂಟ ಹಿಡಿಯಿತು. ಆದರೆ ಬೇಸರವಾಗಲಿಲ್ಲ.

ಸಾರಿಗೆ ಉಪ್ಪು ಹೆಚ್ಚಾಯಿತು. ನೀರು ಹಾಕಿದೆ. ಕಮ್ಮಿಯಾಯಿತು. ಉಪ್ಪು ಹಾಕಿದೆ. ನಾಳೆಗೂ ನಾಡಿದ್ದಿಗೂ ಸಾರಿದೆ.

ಡಿಸೆಂಬರ್ ೭, ಮಂಗಳವಾರ

ಪಕ್ಕದ ಬೀದಿಗೇ ಹೋಗಿ ಚಿಕ್ಕಮುನಿಯಮ್ಮನನ್ನು ಹಿಡಿದೆ. ಕಡ್ಡಿ ನೀನು ಹೇಳಿದ ಹಾಗೆಯೇ ಸರಿಹೋಯಿತು ಎಂದೆ. ಅವಳ ಮುಖ ಬಿಗಿದೇ ಇತ್ತು. ಬುಟ್ಟಿ ಇಳಿಸಲೇ ಇಲ್ಲ.

"ಅಡುಗೆ ಹೆಂಗಾಗ್ತೈತೆ?" ಎಂದು ಕೇಳಿದಳು.

"ಏನಂತ ಹೇಳ್ಲಿ? ಉಪ್ಪು ಎಷ್ಟು ಹಾಕಿದ್ರೂ ಸರಿಹೋಗ್ತಿಲ್ಲ. ನಮ್ಮ ಮನೆಯವಳು ಗೋವಿಂದಮ್ಮ ಕಣ್ಣಂದಾಜಿಗೇ ಹಾಕೋಳು, ಒಂದು ದಿನ ತಪ್ಪಿದ್ದಿಲ್ಲ," ಎಂದೆ. ಯಾಕೆ ಹಾಗೆ ಹೇಳಿದೆನೋ. ಹಸಿವಿತ್ತು.

ಬುಟ್ಟಿ ಕೆಳಗಿಳಿಯಿತು. ಕೊಸರಿಗೆಂದು ಒಂದು ಕಟ್ಟು ದಂಟಿನ ಸೊಪ್ಪು ಹೆಚ್ಚಾಗಿಯೇ ಹಾಕಿದಳು. ಹೆಂಗಸರ ಮನಸ್ಸು ನನಗೆ ಅರ್ಥವಾಗದು.

ಡಿಸೆಂಬರ್ ೧೩, ಸೋಮವಾರ

ಕೆಮ್ಮು. ಚಳಿಯಲ್ಲಿ ಬೆಳಿಗ್ಗೆ ನೀರು ಹಾಕುವುದರಿಂದ ಬಂದದ್ದು. ಚಿಕ್ಕಮುನಿಯಮ್ಮ ಕೇಳಿಸಿಕೊಂಡು ಹೋದಳು. ದೀಪದ ಸೀಮೆಎಣ್ಣೆ ಉಳಿಸಬೇಕು, ಇವತ್ತಿಗೆ ಬರೆಯುವುದು ಇಷ್ಟೇ.

ಡಿಸೆಂಬರ್ ೧೪, ಮಂಗಳವಾರ

ಚಿಕ್ಕಮುನಿಯಮ್ಮ ಕಷಾಯದ ಪುಡಿ ತಂದುಕೊಟ್ಟಳು, ಯಾರಿಗೋ ಮಾರಿ ಮಿಕ್ಕಿದ್ದಂತೆ. ಆಶ್ಚರ್ಯವೆಂದರೆ ಗೋವಿಂದಮ್ಮ ಮಾಡುವ ಪುಡಿಯದೇ ರುಚಿ, ಮೆಣಸು ಒಂದಿಷ್ಟು ಮುಂದು. ಬಾಣಸವಾಡಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆಂದು ಕಾಣುತ್ತದೆ.

ಡಿಸೆಂಬರ್ ೧೯, ಭಾನುವಾರ

ಹೂ ಬಿಟ್ಟಿದೆ. ಬಿಳಿ. ಒಂದೇ ಒಂದು. ಪಾಷಾ ನೋಡಿದ, ಅವನ ಹೆಂಡತಿ ಶಂಶುನ್ನೀಸಾ ಬಂದು ನೋಡಿ "ಮಾಷಾ ಅಲ್ಲಾ" ಎಂದಳು. ಎಲ್ಲರೂ ನೋಡಿದರು. ಎಲ್ಲರೂ ಅಂದರೆ ಎಲ್ಲರೂ ಅಲ್ಲ.

ಜನವರಿ ೪, ೧೯೪೪, ಮಂಗಳವಾರ

ಕಾಯಿಗಳು ತುಂಬುತ್ತಿವೆ. ಕಡ್ಡಿಗಳು ಕಾಣದಂತೆ ಬಳ್ಳಿ ಹಬ್ಬಿದೆ. ಪರೀಕ್ಷೆಗೆಂದು ನಾಲ್ಕು ಕಾಯಿ ಬಿಡಿಸಿ ತಿಂದೆ. ಸಿಹಿ.

ಜನವರಿ ೫, ಬುಧವಾರ

ಪರೀಕ್ಷೆ. ಆರು ಕಾಯಿ.

ಜನವರಿ ೮, ಶನಿವಾರ

ಒಬ್ಬನ ನಾಲಿಗೆಯನ್ನೇ ನಂಬಬಾರದೆಂದು ಪಾಷಾನಿಗೂ ಶಂಶುನ್ನೀಸಾಗೂ ಪರೀಕ್ಷೆಗೆ ಕೊಟ್ಟೆ. ಇಬ್ಬರೂ ಇನ್ನೊಮ್ಮೆ ಪರೀಕ್ಷೆ ಮಾಡದೆ ಹೇಳಲಾಗುವುದಿಲ್ಲ ಎಂದರು.

ಜನವರಿ ೧೨, ಬುಧವಾರ

ಎಲ್ಲ ಕಿತ್ತು ಬಿಡಿಸಿದೆ. ಚಿಕ್ಕಮುನಿಯಮ್ಮ ಜೊತೆಗೆ ಕೂತು ಬಿಡಿಸಿದಳು. ಪಾವಿನಲ್ಲಿ ಅಳೆದೆವು.

ಒಂದು ಪಾವು. ಮೇಲೆ ಗೋಪುರವಾಗಿ ಒಂದು ಹಿಡಿ.

ಸೇರಿಗೆ ನಾಲ್ಕು ಪಾವು ಬೇಕು. ಬಳ್ಳಿಯಲ್ಲಿ ಉಳಿದಿರುವುದು ಬರೀ ಹೀಚು, ನಾಡಿದ್ದಿಗೆ ಬಲಿಯುವುದಿಲ್ಲ. ಇನ್ನೊಂದು ಸಲ ಅಳೆದೆ. ಅಳತೆಯ ಪಾತ್ರೆಯನ್ನೇ ತಟ್ಟಿ ನೋಡಿದೆ. "ಪರೀಕ್ಷೆ ಒಂದಿಷ್ಟು ಜಾಸ್ತಿಯಾಯ್ತು ಸ್ವಾಮಿ," ಎಂದಳು ಚಿಕ್ಕಮುನಿಯಮ್ಮ. ಅವಳ ದನಿಯಲ್ಲಿ ನಗು ಇರಲಿಲ್ಲ. ಅದಕ್ಕೇ ನನಗೆ ಅಳು ಬಂದಂತಾಯಿತು.

ಇನ್ನು ಗೋವಿಂದಮ್ಮನನ್ನು ಕರೆಯಲು ಯಾವ ಮುಖ ಇಟ್ಟುಕೊಂಡು ಹೋಗಲಿ? ಎಪ್ಪತ್ತೈದು ದಿನವಾಯಿತು.

ಜನವರಿ ೧೩, ಗುರುವಾರ

ಇದನ್ನು ಬರೆಯಬೇಕೋ ಬೇಡವೋ. ದಾಖಲೆ ಎಂದ ಮೇಲೆ ಬರೆಯಬೇಕು.

ಕಚೇರಿ ಬಿಟ್ಟು ನೇರ ರಸೆಲ್ ಮಾರುಕಟ್ಟೆಗೆ ಹೋದೆ, ಕೈಯಲ್ಲಿ ಚೀಲ. ಮೂರು ಪಾವು ಕಾಳಾಗುವಷ್ಟು ಬಟಾಣಿ ಕೊಂಡು ನನ್ನದರ ಜೊತೆ ಬೆರೆಸಿಬಿಟ್ಟರೆ ಕೇಳುವವರಾರು? ಹಬ್ಬದ ನೂಕುನುಗ್ಗಲು. ಒಂದು ಬುಟ್ಟಿಯ ಮುಂದೆ ನಿಂತು ಒಂದು ಕಾಯಿ ಕೈಗೆ ತೆಗೆದುಕೊಂಡೆ. ತುದಿಯ ಕೊಕ್ಕೆ, ತೊಟ್ಟಿನ ಹತ್ತಿರದ ಸೊಟ್ಟ, ಒಳಗೆ ಏಳು ಕಾಳು. ಇದು ನನ್ನ ಹಿತ್ತಲಿನದೇ ತಳಿ.

"ಎಲ್ಲೀದಪ್ಪಾ ಇದು?" ಎಂದು ಕೇಳಿದೆ.

"ಬಾಣಸವಾಡಿ ಚಿನ್ನಪ್ಪನೋರ ತೋಟದ್ದು ಸ್ವಾಮಿ. ಬೇರೆ ಕಡೆ ಈ ತಳಿ ಸಿಗಲ್ಲ."

ಕಾಯಿ ವಾಪಸ್ಸು ಇಟ್ಟೆ. ಮಾವನ ಬಟಾಣಿಯನ್ನು ಕೊಂಡುಹೋಗಿ ಮಾವನಿಗೇ ತೋರಿಸಲು ಹೊರಟಿದ್ದೆ! ಬೇರೆ ಕಡೆ ಸಿಗದ ಬೀಜ ಚಿಕ್ಕಮುನಿಯಮ್ಮನ ಕೈಗೆ ಹೇಗೆ ಬಂತೆಂದು ದಾರಿಯುದ್ದಕ್ಕೂ ಯೋಚಿಸಿದೆ. ಕದ್ದಿರಬೇಕು, ಪಾಪ, ನನಗೋಸ್ಕರ.

ಬಟಾಣಿಯ ಬದಲು ಎರಡು ಮೊಳ ಕನಕಾಂಬರ ಕೊಂಡೆ. ಮುಡಿಯುವವರಿಲ್ಲದ ಮನೆಗೆ ಯಾಕೆ ಕೊಂಡೆನೋ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

ಜನವರಿ ೧೪, ಶುಕ್ರವಾರ, ಸಂಕ್ರಾಂತಿ

ಬೆಳಿಗ್ಗೆ ಮೂಲಂಗಿಯ ಹಾಗೆ ಚಳಿಗೆ ಬೆಳ್ಳಗಾಗಿದ್ದ ಕೈಯಲ್ಲಿ ಒಂದು ಪಾವು ಬಟಾಣಿಯ ಗಂಟು ಹಿಡಿದು ಹೊರಟೆ. ಸೋತದ್ದನ್ನು ಹೇಳಿ ಗೋವಿಂದಮ್ಮನನ್ನು ಕರೆದುಕೊಂಡು ಬರುವುದು, ಅಷ್ಟೇ. ಯಾವಾಗ ನಿಶ್ಚಯ ಮಾಡಿದೆನೆಂದು ನನಗೂ ಗೊತ್ತಿಲ್ಲ. ಪಾಷಾ ಗೋಡೆಯಿಂದ "ಭಾಭಿ ಬಂದ್ರೆ ಹೇಳಿ, ಸೇಮಿಯಾ ಕಳಿಸ್ತೀನಿ" ಎಂದ.

ಬಾಣಸವಾಡಿ ದಾರಿಯ ರೈಲು ಹಳಿಯ ಹತ್ತಿರ ಹುಣಸೆಮರದ ಕೆಳಗೆ ಎದುರಿನಿಂದ ಅವಳು ಬರುತ್ತಿದ್ದಳು. ಗೋವಿಂದಮ್ಮನೇ. ಸೊಂಟದ ಮೇಲೊಂದು ಗಂಟು. ಇಬ್ಬರೂ ನಿಂತೆವು.

"ಎಲ್ಲಿಗೆ ಹೊರಟೆ? ಕರೆಯೋವರ್ಗೂ ಬರಲ್ಲ ಅಂದಿದ್ದೆ," ಎಂದೆ.

"ನೀವೆಲ್ಲಿಗೆ? ಹೊಸ್ತಿಲು ತುಳಿಯಲ್ಲ ಅಂದಿದ್ರಿ."

ಗಂಟು ಬಿಚ್ಚಿದಳು. ಬಿಡಿಸಿದ ಬಟಾಣಿ. "ಮೂರು ಪಾವಿದೆ. ನಿಮ್ಮದರ ಜೊತೆ ಬೆರೆಸಿಬಿಡಿ, ಸೇರಾಗುತ್ತೆ. ಅಪ್ಪಂಗೆ ಗೊತ್ತಾಗಲ್ಲ," ಎಂದಳು. ತಲೆ ಎತ್ತಿ ನನ್ನ ಮುಖ ನೋಡಿದಳು. "ಇಷ್ಟು ಬಡವಾಗಿದ್ದೀರಲ್ರೀ!"

ನಾನು ಅವಳ ಸೀರೆ ನೋಡುತ್ತಿದ್ದೆ. ನೀಲಿ, ಹಳದಿ ಅಂಚು. ಸೆರಗಿನ ತುದಿಯಲ್ಲಿ ಅಂಗೈಯಗಲ ಚೂರು ಇರಲಿಲ್ಲ.

ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು. ಗಂಡಸು ಕಣ್ಣು ಒರೆಸಿಕೊಳ್ಳುವುದು ಯಾರಿಗೂ ಕಾಣಬಾರದೆಂದು ಹುಣಸೆಮರದ ಕಡೆ ತಿರುಗಿ ನಿಂತೆ. ಆಮೇಲೆ ಹೇಳಿದೆ: "ಬೆರೆಸೋದು ಬೇಡ ಗೋವಿಂದು. ನಿಮ್ಮಪ್ಪಂಗೆ ಗೊತ್ತಾಗದೆ ಇರುತ್ತಾ? ನೆನ್ನೆ ಮಾರುಕಟ್ಟೇಲಿ ನನಗೇ ಗೊತ್ತಾಯ್ತು."

ಮಾವನ ಮನೆಯ ಮುಂದೆ ಹೊಸ್ತಿಲಿನಿಂದ ಈಚೆ, ಜಗಲಿಯ ಮೇಲೆ ನಿಂತೆ. ಮಾವನವರು ಹೊರಗೆ ಬಂದರು.

"ಮಾವ, ಒಂದೇ ಪಾವು ಆಯ್ತು. ಸೋತೆ. ಒಳಗೆ ಬರೋ ಹಾಗಿಲ್ಲ. ಗೋವಿಂದೂನ ಕಳಿಸಿಕೊಡಿ," ಎಂದೆ.

ಅವರು ಒಂದು ಕಾಳು ತೆಗೆದುಕೊಂಡು ಬೆರಳಲ್ಲಿ ಉರುಳಿಸಿ, ಹಲ್ಲಲ್ಲಿ ಕಡಿದರು. ಬಹಳ ಹೊತ್ತು ಅಗಿದರು.

"ಆಸರೆ ಏನ್ ಕೊಟ್ರಿ ಅಳಿಯಂದ್ರೇ?"

"ತೊಗರಿ ಕಡ್ಡಿ."

"ತೊಗರಿ ಕಡ್ಡಿ!" ಮಾವನವರು ಮಗಳ ಕಡೆ ತಿರುಗಿದರು. "ಬೇಲಿಗೆ ಸಿಗಿಸಿದ್ದ ಕಡ್ಡಿ ಅಷ್ಟೂ ಒಂದೇ ಬೆಳಿಗ್ಗೆ ಮಾಯ ಆಯ್ತಲ್ಲ. ಪಕ್ಕದ್ಮನೆ ಮೇಕೆ ತಿಂತು ಅಂದ್ಕೊಂಡು ಆ ಮೇಕೆಯೋರ ಹತ್ರ ಒಂದೂವರೆ ತಿಂಗಳಾಯ್ತು ಮಾತು ಬಿಟ್ಟು."

ಗೋವಿಂದು ಮಾಡಿನ ಹೆಂಚು ಎಣಿಸುತ್ತಿದ್ದಳು. ಅತ್ತೆ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡರು. ಬಾಗಿಲಿನೊಳಗಿನ ಮೂಲೆಯಲ್ಲಿ ಇನ್ನೊಬ್ಬಳು ಜೋರಾಗಿ ನಕ್ಕಳು. ಚಿನ್ನಪ್ಪ ಯಾರೆಂದೇ ಗೊತ್ತಿಲ್ಲದ ಚಿಕ್ಕಮುನಿಯಮ್ಮ ಅವರ ಅಡುಗೆಮನೆಯಲ್ಲಿ ಕೂತು ಎಳ್ಳುಬೆಲ್ಲ ತಿನ್ನುತ್ತಿದ್ದಳು.

ಆಗ ನನಗೆ ಎಲ್ಲವೂ ಹೊಳೆಯಿತು. ಬೀಜ, ಕಷಾಯದ ಪುಡಿ, ಉಪ್ಪಿನ ಮಾತು, ಮೂರು ದಿನದ ಸಿಟ್ಟು, ಒಂದು ಪಾವಿನ ಲೆಕ್ಕ. ಗುಗ್ಗರಿ ಕೂಡ. ಇಷ್ಟು ದಿನವೂ ಈ ಮನೆಯ ಹೆಂಗಸರೆಲ್ಲ ನನ್ನ ಸಾರಿನ ರುಚಿ ತಿಳಿದುಕೊಂಡೇ ಮಲಗಿದ್ದಾರೆ.

ಮಾವನವರು ಕೈ ಒರೆಸಿಕೊಂಡರು. "ಮಾತು ಅಂದ್ಮೇಲೆ ಮಾತು. ಅಳಿಯಂದ್ರು ಹೊಸ್ತಿಲು ತುಳಿಯೋದ್ ಬೇಡ," ಎಂದು ಹೇಳಿ ಒಳಗೆ ಕೂಗಿದರು: "ಎಲೆ ಎಲ್ಲಾ ಈಚೆ ತನ್ರೋ! ಈ ಹಬ್ಬ ಜಗಲಿ ಮೇಲೆ!"

ಮನೆ ಮಂದಿಯೆಲ್ಲ ಬೀದಿಗೆ ಕಾಣುವಂತೆ ಜಗಲಿಯ ಮೇಲೆ ಸಾಲಾಗಿ ಕೂತು ಉಂಡೆವು. ನನ್ನ ಒಂದು ಪಾವು ಹುಗ್ಗಿಗೆ ಬಿತ್ತು, ಮೂರು ಪಾವೂ ಬಿತ್ತು. ಮಾವನವರು ಆಸರೆಯ ವಿಷಯ ಮತ್ತೆ ಶುರು ಮಾಡಿದರು. ಈ ಸಲ ನಾನೂ ನಡುನಡುವೆ ಮಾತಾಡಿದೆ. ಕೇಳಿದರು ಕೂಡ. ಹುಗ್ಗಿಗೆ ಉಪ್ಪು ಸರಿಯಾಗಿತ್ತು.

ಸಂಜೆ ಇಬ್ಬರೂ ನಡೆದು ಮನೆಗೆ ಬಂದೆವು. ಕನಕಾಂಬರ ಸ್ವಲ್ಪ ಬಾಡಿತ್ತು, ಆದರೂ ಮುಡಿದಳು. ಹಿತ್ತಲಲ್ಲಿ ಖಾಕಿ ಚಿಂದಿ, ಮೂಲೆಯಲ್ಲಿ ಒಟ್ಟಿದ ಬೊಂಬು ಎಲ್ಲ ನೋಡಿ ನಕ್ಕು ನಕ್ಕು ಸಾಕಾಗಿ ಬಾವಿ ಕಟ್ಟೆಯ ಮೇಲೆ ಕೂತಳು. ಒಣಗಿದ ತುಳಸಿಯ ಜಾಗದಲ್ಲಿ ನಾನು ಹೊಸದೊಂದು ನೆಟ್ಟಿದ್ದೆ. ಅದನ್ನು ನೋಡಿ ನಗಲಿಲ್ಲ, ಒಂದು ಚೊಂಬು ನೀರು ಹಾಕಿದಳು.

ಈಗ ಈ ಪುಸ್ತಕದಿಂದ ಇಣುಕುತ್ತಿರುವ ನೀಲಿ ಚೂರು ಅವಳ ಕಣ್ಣಿಗೆ ಬಿದ್ದಿದೆ. ಕೊಡಿ, ಪಾಷಾ ಅವರ ಕೈಲಿ ಸೆರಗಿಗೆ ಹೊಲಿಸಿಕೊಳ್ಳುತ್ತೇನೆ ಎನ್ನುತ್ತಿದ್ದಾಳೆ. ಕೊಡುವುದಿಲ್ಲ, ಇದು ದಾಖಲೆ ಎಂದಿದ್ದೇನೆ.